ರಮ್ ಎಸೆನ್ಸ್ ಬಾಟಲಿ ಒಳ್ಳೇದಾ ಇಲ್ವಾ, ಮನೇಲೇ ಪರೀಕ್ಷೆ ಮಾಡೋದು ಹೇಗೆ

ದೀಪಾವಳಿ ಮುಗಿದು ಡಿಸೆಂಬರ್ ಹತ್ರ ಬಂತು ಅಂದ್ರೆ ಮುಂಬೈನಲ್ಲಿ ಮನೆಯಿಂದ ಕೇಕು, ಐಸ್‌ಕ್ರೀಮು ಮಾಡಿ ಮಾರೋ ನಮ್ಮ ಕನ್ನಡದವರೆಲ್ಲ, ಮಾಟುಂಗಾದವರಿರ್ಲಿ ಡೊಂಬಿವಿಲಿಯವರಿರ್ಲಿ, ಕೇಳೋದು ಒಂದೇ ಪ್ರಶ್ನೆ, ಯಾವ ಕಂಪನಿ ರಮ್ ಎಸೆನ್ಸ್ ಚೆನ್ನಾಗಿದೆ ಅಂತ. ಕಂಪನಿ ಹೆಸರು ಹೇಳಿದ್ರೆ ಕೆಲಸ ಆಗಲ್ಲ. ಅದೇ ಬಾಟಲಿ ಒಬ್ಬರ ಪ್ಲಮ್ ಕೇಕಲ್ಲಿ ಘಮ್ಮಂತ ಇರತ್ತೆ, ಇನ್ನೊಬ್ಬರ ಐಸ್‌ಕ್ರೀಮಲ್ಲಿ ಹಾಕಿದ್ದೇ ಗೊತ್ತಾಗಲ್ಲ, ಮತ್ತೊಬ್ಬರ ಮಿಲ್ಕ್‌ಶೇಕಲ್ಲಿ ನೈಲ್ ಪಾಲಿಶ್ ತೆಗೆಯೋ ದ್ರಾವಣ ಕುಡಿದ ಹಾಗೆ ಇರತ್ತೆ. ಅಂಗಡೀಲಿ ಮುಚ್ಚಳ ತೆಗೆದು ಮೂಗಿಗೆ ಹಿಡಿದು ತಗೊಂಡು ಬರೋದು ಎಲ್ಲರ ಅಭ್ಯಾಸ, ಆದ್ರೆ ಬಾಟಲಿಯ ವಾಸನೆ ನೋಡಿ ಎಸೆನ್ಸ್ ಹೇಗಿದೆ ಅಂತ ಹೇಳಕ್ಕೆ ಆಗಲ್ಲ, ನೀವು ಮಾಡೋ ಪದಾರ್ಥದಲ್ಲಿ, ನೀವು ಹಾಕೋ ಅಳತೆಯಲ್ಲಿ, ಒಂದು ರಾತ್ರಿ ಕಳೆದ ಮೇಲೆ ಅದು ಏನಾಗತ್ತೆ ಅಂತ ನೋಡಿದ್ರೆ ಮಾತ್ರ ಗೊತ್ತಾಗೋದು. ಅದನ್ನ ಹೆಂಗೆ ಮಾಡೋದು ಅಂತ ಇಲ್ಲಿ ಬರೀತಿದೀನಿ. ರಮ್ ಅಂತ ಬರೆದಿದ್ರೂ ವಿಸ್ಕಿ, ಬ್ರಾಂಡಿ, ಐರಿಶ್ ಕ್ರೀಮ್ ಎಲ್ಲಾದಕ್ಕೂ ಇದೇ ಕ್ರಮ.

ನಿಜವಾದ ರಮ್ಮೇ ಹಾಕಬಾರದಾ ಅಂತ ಕೇಳ್ತೀರಿ. ಮನೇಲಿ ತಿನ್ನೋದಕ್ಕೆ ಹಾಕ್ಕೊಳ್ಳಿ. ಮಾರೋದಾದ್ರೆ ಕಷ್ಟ ಇದೆ. ಮಹಾರಾಷ್ಟ್ರದಲ್ಲಿ 1949ರ ಪ್ರೊಹಿಬಿಶನ್ ಕಾಯ್ದೆ ಈಗ್ಲೂ ಇದೆ, ಮದ್ಯ ಕೊಳ್ಳೋಕೆ ಕುಡಿಯೋಕೆ ಕಾಗದದ ಮೇಲಾದ್ರೂ ಪರ್ಮಿಟ್ ಬೇಕು, ಹಾರ್ಡ್ ಲಿಕ್ಕರ್‌ಗೆ ವಯಸ್ಸು 25 ಆಗಿರಬೇಕು. ನಿಮ್ಮ ಕೇಕ್ ಹೋಗೋದು ಮಕ್ಕಳ ಬರ್ತ್‌ಡೇಗೆ, ಪಕ್ಕದ ಬಿಲ್ಡಿಂಗಿನ ಜೈನ್ ಮನೆಗೆ, ಆಫೀಸಲ್ಲಿ ಮುಸ್ಲಿಂ ಗೆಳೆಯರಿರೋ ಪಾರ್ಟಿಗೆ. ಅವರಿಗೆಲ್ಲ ಧೈರ್ಯವಾಗಿ ಕೊಡಬೇಕಂದ್ರೆ ಎಸೆನ್ಸೇ ಗತಿ, ಹಾಗಾಗಿ ಅದನ್ನ ಸರಿಯಾಗಿ ಆರಿಸೋದು ಮುಖ್ಯ.

ಮೊದಲು ಲೇಬಲ್ ಓದಿ

ಕ್ರಾಫರ್ಡ್ ಮಾರ್ಕೆಟ್ ಸುತ್ತ ಬೇಕಿಂಗ್ ಸಾಮಾನಿನ ಅಂಗಡಿಗಳಿವೆ, ಪ್ರಿನ್ಸೆಸ್ ಸ್ಟ್ರೀಟ್ ಕಡೆ ಹೋದ್ರೆ ಕೆಮಿಕಲ್ಲು, ಎಸೆನ್ಸು ಮಾರೋರಿದ್ದಾರೆ, ಆನ್‌ಲೈನ್ ಅಂತೂ ಇದ್ದೇ ಇದೆ. ಎಲ್ಲಿಂದ ತಂದ್ರೂ ಬಾಟಲಿ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ಲೈಸೆನ್ಸಿನ 14 ಅಂಕಿ ನಂಬರ್, ಬ್ಯಾಚ್ ನಂಬರ್, ತಯಾರಾದ ತಾರೀಕು, ಮುಗಿಯೋ ತಾರೀಕು ಇರಲೇಬೇಕು. ಆಮೇಲೆ ಹಸಿರು ಚುಕ್ಕಿ. ಆಮೇಲೆ ಒಳಗೇನಿದೆ ಅನ್ನೋದು. ಜನ ಇಲ್ಲಿ ಓದೋದೇ ನಿಲ್ಲಿಸಿಬಿಡ್ತಾರೆ, ಆದ್ರೆ ನಿಜವಾದ ವಿಷಯ ಇರೋದೇ ಆ ಸಣ್ಣ ಅಕ್ಷರದಲ್ಲಿ.

ಎಸೆನ್ಸ್ ಅಂದ್ರೆ ಘಮದ ಪದಾರ್ಥ ಸ್ವಲ್ಪ, ಅದನ್ನ ಕರಗಿಸಿಟ್ಟ ದ್ರವ ಜಾಸ್ತಿ. ಆ ದ್ರವ ಹೆಚ್ಚಾಗಿ ಪ್ರೊಪಿಲೀನ್ ಗ್ಲೈಕಾಲ್ ಆಗಿರತ್ತೆ, ಲೇಬಲ್ಲಲ್ಲಿ ಐಎನ್‌ಎಸ್ 1520 (ಆಹಾರಕ್ಕೆ ಸೇರಿಸೋ ಪದಾರ್ಥಗಳಿಗೆ ಕೊಟ್ಟಿರೋ ಅಂತರರಾಷ್ಟ್ರೀಯ ನಂಬರ್) ಅಂತ ಇದ್ರೆ ಅದೇ. ಗ್ಲಿಸರಿನ್ ಆದ್ರೆ 422, ಟ್ರೈಅಸಿಟಿನ್ ಆದ್ರೆ 1518. ಕೆಲವದ್ರಲ್ಲಿ ಈಥೈಲ್ ಆಲ್ಕೋಹಾಲೇ ಇರತ್ತೆ. ಆಲ್ಕೋಹಾಲ್ ಬೇಡ ಅಂತಾನೇ ಎಸೆನ್ಸ್ ತಗೊಳ್ತಾ ಇರೋರು ಇದನ್ನ ನೋಡದೆ ತಂದ್ರೆ ಇಡೀ ಉದ್ದೇಶವೇ ಹಾಳು, ಗಿರಾಕಿಗೆ ಹೇಳಿದ ಮಾತೂ ಸುಳ್ಳಾಗತ್ತೆ. ಲೇಬಲ್ಲಲ್ಲಿ ಸ್ಪಷ್ಟ ಇಲ್ಲದಿದ್ರೆ ಕಂಪನಿಗೆ ಫೋನ್ ಮಾಡಿ ಕೇಳಿ, ಒಳಗೇನಿದೆ ಅಂತ ಬರೆದಿರೋ ಸ್ಪೆಸಿಫಿಕೇಶನ್ ಶೀಟ್ ಕಳ್ಸಿ ಅಂತ ಹೇಳಿ. ಕಳಿಸೋ ಕಂಪನಿ ಕಳಿಸ್ತಾರೆ. ಕಳಿಸಲ್ಲ ಅನ್ನೋರ ಬಾಟಲಿ ಬಿಟ್ಟುಬಿಡಿ, ಬೇರೆ ನೂರು ಸಿಗತ್ತೆ.

ದೊಡ್ಡ ಕ್ಯಾನಿಂದ ಚಿಕ್ಕ ಬಾಟಲಿಗೆ ಬಗ್ಗಿಸಿ, ಮೇಲೆ ಸ್ಕೆಚ್ ಪೆನ್ನಲ್ಲಿ ರಮ್ ಅಂತ ಬರೆದು ಕೊಡೋ ಮಾಲು ಕೂಡ ಸಿಗತ್ತೆ, ಬೆಲೆ ಅರ್ಧಕ್ಕರ್ಧ ಕಮ್ಮಿ. ದಯವಿಟ್ಟು ಅದನ್ನ ತರಬೇಡಿ. ಇದು ಸುಮ್ನೆ ಹೆದರಿಸೋದಲ್ಲ, ಇದೇ ಊರಲ್ಲಿ 1986ರಲ್ಲಿ ಜೆಜೆ ಆಸ್ಪತ್ರೆಯಲ್ಲಿ 14 ಜನ ರೋಗಿಗಳು ತೀರಿಕೊಂಡಿದ್ದು ಗ್ಲಿಸರಿನ್ನಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದರಿಂದ, ಅದು ಕಿಡ್ನಿಯನ್ನ ಹಾಳು ಮಾಡತ್ತೆ. ಎರಡೂ ನೋಡೋಕೆ ಒಂದೇ ಥರ, ಬಣ್ಣ ಇಲ್ಲ, ಮಂದವಾಗಿರತ್ತೆ, ನಾಲಿಗೆಗೆ ಸಿಹಿ ಹತ್ತತ್ತೆ, ನಮ್ಮ ಮೂಗಿಗೆ ಬಾಯಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಫ್ಲೇವರಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬಳಸಬಾರದು ಅಂತ ನಮ್ಮ ಆಹಾರ ನಿಯಮದಲ್ಲೇ ಇದೆ. ಆ ನಿಯಮಕ್ಕೆ ಯಾರಾದ್ರೂ ಜವಾಬ್ದಾರಿ ಹೊತ್ತಿದ್ದಾರೆ ಅನ್ನೋದಕ್ಕೆ ಇರೋ ಒಂದೇ ಗುರುತು ಸೀಲು, ಲೇಬಲ್ಲು, ಬ್ಯಾಚ್ ನಂಬರ್ರು.

ನ್ಯಾಚುರಲ್, ನೇಚರ್ ಐಡೆಂಟಿಕಲ್ (ಪ್ರಕೃತಿಯಲ್ಲಿರೋ ಪದಾರ್ಥವನ್ನೇ ಲ್ಯಾಬಲ್ಲಿ ಮಾಡಿದ್ದು), ಆರ್ಟಿಫಿಶಿಯಲ್ ಅಂತ ಮೂರು ಬಗೆ ಬರೆದಿರ್ತಾರೆ. ಇದನ್ನ ನೋಡಿ ರುಚಿ ನಿರ್ಧಾರ ಮಾಡಬೇಡಿ. ನ್ಯಾಚುರಲ್ ಅಂತ ಬರೆದಿದ್ದು ಸಪ್ಪೆ ಇರಬಹುದು, ಆರ್ಟಿಫಿಶಿಯಲ್ ಅಂತ ಬರೆದಿದ್ದು ಸೊಗಸಾಗಿರಬಹುದು.

ಬೇಕಾಗೋ ಸಾಮಾನು

0.01 ಗ್ರಾಂ ತೋರಿಸೋ ಪಾಕೆಟ್ ತಕ್ಕಡಿ ಒಂದು ಬೇಕೇ ಬೇಕು, ಚಿನ್ನ ತೂಗೋಕೆ ಅಂತ ಆನ್‌ಲೈನಲ್ಲಿ ಸಿಗೋದು. ಹನಿ ಲೆಕ್ಕ ನಂಬಬೇಡಿ. ಡ್ರಾಪರಿಂದ ನೀರು ಬಿಟ್ರೆ ಸುಮಾರು 20 ಹನಿಗೆ 1 ಎಂಎಲ್ ಆಗತ್ತೆ, ಪ್ರೊಪಿಲೀನ್ ಗ್ಲೈಕಾಲ್ ಹನಿ ಅದಕ್ಕಿಂತ ಚಿಕ್ಕದು, ಆಲ್ಕೋಹಾಲ್ ಇದ್ರೆ ಇನ್ನೂ ಚಿಕ್ಕದು. ಹತ್ತು ಹನಿ ಹಾಕಿದೆ ಅಂತ ನೀವಂದ್ರೆ ನಿಮ್ಮ ಬಾಟಲೀಲಿ ಅದು ಎಷ್ಟು ಅಂತ ಇನ್ನೊಬ್ಬರಿಗೆ ಗೊತ್ತಾಗಲ್ಲ, ಬಾಟಲಿ ಬದಲಾದ್ರೆ ನಿಮಗೂ ಗೊತ್ತಾಗಲ್ಲ.

ಲೋಟಗಳು ಗಾಜಿಂದು ಅಥವಾ ಸ್ಟೀಲಿಂದು ಇರ್ಲಿ. ಥರ್ಮೋಕೋಲ್ ಕಪ್ಪು, ಗಡುಸಾದ ಪಾರದರ್ಶಕ ಪಾರ್ಟಿ ಗ್ಲಾಸು ಬೇಡ, ಅದು ಪಾಲಿಸ್ಟೈರೀನ್ ಆಗಿದ್ರೆ ಎಸೆನ್ಸಿಗೆ ಘಮ ಕೊಡೋ ರಾಸಾಯನಿಕಗಳಾದ ಈಸ್ಟರ್‌ಗಳು ಅದನ್ನ ಕರಗಿಸ್ತವೆ, ಆಮೇಲೆ ನೀವು ಮೂಸೋದು ಕಪ್ಪಿನ ವಾಸನೆ. ಇನ್ನು ಕಾಫಿ ಫಿಲ್ಟರ್ ಪೇಪರ್, ಪೆನ್ಸಿಲ್ಲು, ಒಂದು ನೋಟ್‌ಬುಕ್. ಪೆನ್ನಿನ ಇಂಕಿಗೆ ಅದರದ್ದೇ ವಾಸನೆ ಇರತ್ತೆ, ಅದಕ್ಕೇ ಪೆನ್ಸಿಲ್.

ಕಾಗದದ ಪಟ್ಟಿ

ಫಿಲ್ಟರ್ ಪೇಪರನ್ನ ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ, ಒಂದು ತುದಿಗೆ ಬಾಟಲಿ ಹೆಸರು ಬರೆದು, ಇನ್ನೊಂದು ತುದಿಯನ್ನ ಎಸೆನ್ಸಿಗೆ ಕೊಂಚ ತಾಗಿಸಿ ಲೋಟದ ಅಂಚಿಗೆ ನಿಲ್ಲಿಸಿ. ಅಡುಗೆಮನೇಲಿ ಒಗ್ಗರಣೆ ಹಾಕಿ ಒಂದೆರಡು ತಾಸಾಗಿರಬೇಕು, ಅಗರಬತ್ತಿ ಹಚ್ಚಿರಬಾರದು, ಫ್ಯಾನ್ ನಿಲ್ಲಿಸಿ. ತಾಗಿಸಿದ ಕೂಡಲೇ ಒಂದು ಸಲ ಮೂಸಿ, ಹತ್ತು ನಿಮಿಷಕ್ಕೆ ಒಂದು ಸಲ, ಒಂದು ತಾಸಿಗೆ, ಆಮೇಲೆ ಮಾರನೇ ದಿನ ಬೆಳಿಗ್ಗೆ ಕಾಫಿಗೆ ಮುಂಚೆ. ಪ್ರತಿ ಸಲ ಅನಿಸಿದ್ದನ್ನ ಬರೆದಿಡಿ, ನೆನಪಲ್ಲಿ ಇರತ್ತೆ ಅಂದ್ಕೋಬೇಡಿ.

ಇಷ್ಟು ಸಲ ಯಾಕೆ ಅಂದ್ರೆ ಎಸೆನ್ಸಿನ ಒಳಗಿರೋ ಘಮಗಳು ಬೇರೆಬೇರೆ ವೇಗದಲ್ಲಿ ಹಾರಿಹೋಗ್ತವೆ. ರಮ್ಮಿನ ಆ ಮೊದಲ ಘಾಟಿಗೆ ಹಾಕೋ ಈಥೈಲ್ ಫಾರ್ಮೇಟ್ ಕುದಿಯೋದು 54 ಡಿಗ್ರಿಗೆ, ಈಥೈಲ್ ಅಸಿಟೇಟ್ 77ಕ್ಕೆ. ಅನಾನಸಿನ ಥರ ಬರೋ ಈಥೈಲ್ ಬ್ಯುಟಿರೇಟ್ 121ಕ್ಕೆ, ಬಾಳೆಹಣ್ಣಿನ ಐಸೋಅಮೈಲ್ ಅಸಿಟೇಟ್ 142ಕ್ಕೆ. ವೆನಿಲ್ಲಾ ಘಮ ಕೊಡೋ ವೆನಿಲ್ಲಿನ್ ಅಂತೂ 285ರ ಹತ್ರ ಹೋಗಬೇಕು. ಅಂಗಡೀಲಿ ಮುಚ್ಚಳ ತೆಗೆದಾಗ ನಿಮ್ಮ ಮೂಗಿಗೆ ಹೆಚ್ಚಾಗಿ ಬರೋದು ಮೊದಲಿನವು, ಕೇಕ್ ತಿನ್ನೋವಾಗ ಬಾಯಲ್ಲಿ ಉಳಿಯೋದು ಕೊನೇವು. ಒಂದು ತಾಸಾದ ಮೇಲೆ ಪಟ್ಟಿಯಲ್ಲಿ ಬರೀ ವೆನಿಲ್ಲಾ ಉಳಿದಿದ್ರೆ ಅದು ವೆನಿಲ್ಲಾ ಎಸೆನ್ಸು, ಮೇಲೆ ಒಂಚೂರು ಘಾಟು ಸೇರಿಸಿದ್ದಾರೆ ಅಷ್ಟೆ, ಮತ್ತೆ ಅದಕ್ಕೆ ರಮ್ಮಿನ ಬೆಲೆ ಯಾಕೆ ಕೊಡಬೇಕು. ಒಳ್ಳೇ ರಮ್ ಎಸೆನ್ಸಿನ ಪಟ್ಟಿಯಲ್ಲಿ ಮಾರನೇ ದಿನವೂ ಸುಟ್ಟ ಬೆಲ್ಲ, ಮರ, ಲವಂಗದಂಥದ್ದು ಏನೋ ಒಂದು ಇರಬೇಕು. ವಿಸ್ಕಿ ಆದ್ರೆ ಓಕ್ ಮರದಿಂದ ಬರೋ ಲ್ಯಾಕ್ಟೋನಿನ ಕೊಬ್ಬರಿ ಥರದ ಘಮ ಹುಡುಕಿ, ಹೊಗೆ ಇರೋ ಬಗೆ ಆದ್ರೆ ಗ್ವಾಯಕಾಲ್ ಅನ್ನೋ ಹೊಗೆ ವಾಸನೆಯ ಪದಾರ್ಥ ಇರತ್ತೆ, ಅದು ಹೆಚ್ಚಾಗಿದ್ರೆ ಡೆಟಾಲ್ ಹಾಕಿ ಒರೆಸಿದ ಆಸ್ಪತ್ರೆ ನೆಲದ ನೆನಪು ಬರತ್ತೆ.

ನೈಲ್ ಪಾಲಿಶ್ ರಿಮೂವರ್ ವಾಸನೆ ಬಂದ ಕೂಡಲೇ ಬಾಟಲಿ ಕೆಟ್ಟದ್ದು ಅಂತ ಬಿಸಾಡಬೇಡಿ. ಅದು ಈಥೈಲ್ ಅಸಿಟೇಟ್, ನಿಜವಾದ ರಮ್ಮಲ್ಲೂ ಇರತ್ತೆ. ಹತ್ತು ನಿಮಿಷದಲ್ಲಿ ಹೋದ್ರೆ ಸರಿ. ಹೋಗದೆ ಕೂತಿದ್ರೆ ಅದನ್ನ ಹೆಚ್ಚು ಹಾಕಿ ಬಾಕಿದೆಲ್ಲ ಉಳಿಸಿದ್ದಾರೆ ಅಂತ. ಆದ್ರೆ ಕಮಟು ಬೆಣ್ಣೆ ವಾಸನೆ, ವಾಂತಿ ಥರದ ಹುಳಿ ವಾಸನೆ ಬಂತೋ, ಆ ಬಾಟಲಿ ಮುಗೀತು. ಒಳಗೆ ನೀರಿನಂಶ ಇದ್ದು ಈಥೈಲ್ ಬ್ಯುಟಿರೇಟ್ ಒಡೆದು ಬ್ಯುಟಿರಿಕ್ ಆಸಿಡ್ ಆಗಿದೆ, ಅದು ವಾಪಸ್ ಸರಿಹೋಗಲ್ಲ.

ಮೂಗು ಬೇಗ ಸುಸ್ತಾಗತ್ತೆ. ಒಂದೇ ಸಲಕ್ಕೆ ಮೂರ್ನಾಲ್ಕು ಬಾಟಲಿಗಿಂತ ಜಾಸ್ತಿ ಇಟ್ಕೋಬೇಡಿ, ನಡುವೆ ಕಿಟಕಿ ಹತ್ರ ಹೋಗಿ ನಿಂತು ಬನ್ನಿ, ಇಲ್ಲಾ ನಿಮ್ಮದೇ ತೋಳನ್ನ ಮೂಸಿ. ಕಾಫಿ ಬೀಜ ಮೂಸೋ ಕ್ರಮ ಕೆಲವರಿಗಿದೆ, ಬೇಡ, ಅದು ಇನ್ನೊಂದು ವಾಸನೆ ಸೇರಿಸಿದ ಹಾಗೆ. ಮನೇಲಿ ಕುಡಿಯೋರಿದ್ದು ಡಾರ್ಕ್ ರಮ್ ಬಾಟಲಿ ಇದ್ರೆ ಒಂದು ಚಮಚಕ್ಕೆ ಒಂದು ಚಮಚ ನೀರು ಬೆರೆಸಿ ಅದರದ್ದೂ ಒಂದು ಪಟ್ಟಿ ಪಕ್ಕಕ್ಕಿಡಿ, ಹೋಲಿಕೆಗೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಸಕ್ಕರೆ ನೀರಲ್ಲಿ ಅಳತೆ ಹಿಡಿಯೋದು

ಪಟ್ಟಿಯಲ್ಲಿ ಪಾಸಾದ ಬಾಟಲಿಗಳನ್ನ ಮಾತ್ರ ಇಲ್ಲಿಗೆ ತನ್ನಿ. ಎಸೆನ್ಸನ್ನ ನೇರ ನಾಲಿಗೆಗೆ ಹಚ್ಚಬೇಡಿ, ಬಾಯಿ ಉರಿಯೋದು ಬಿಟ್ರೆ ಏನೂ ಗೊತ್ತಾಗಲ್ಲ. ಮೊದಲು ತೆಳು ಸಕ್ಕರೆ ಪಾಕ ಮಾಡಿ ಆರಿಸಿ, ಅದರಲ್ಲಿ 9 ಗ್ರಾಂ ತೂಗಿ 1 ಗ್ರಾಂ ಎಸೆನ್ಸ್ ಹಾಕಿ ಚೆನ್ನಾಗಿ ಕಲಸಿ. ಇದು ನೂರಕ್ಕೆ ಹತ್ತರ ದ್ರಾವಣ, ಅಷ್ಟಷ್ಟೇ ಮಾಡ್ಕೊಳ್ಳಿ, ಇಟ್ಟು ಉಪಯೋಗಿಸೋ ಸಾಮಾನಲ್ಲ. ಕಲಸಿದಾಗ ಹಾಲಿನ ಥರ ಮಬ್ಬಾಯ್ತು ಅಂದ್ರೆ ಎಣ್ಣೆಯಲ್ಲಿ ಕರಗೋ ಬಗೆ ಅಂತ ಅರ್ಥ, ಅದು ಚಾಕಲೇಟಿಗೆ ಬಟರ್‌ಕ್ರೀಮಿಗೆ ಸರಿ, ಶರಬತ್ತಿಗೆ ಆಗಲ್ಲ, ಮೇಲೆ ಎಣ್ಣೆ ಉಂಗುರ ನಿಲ್ಲತ್ತೆ.

ಈಗ 90 ಗ್ರಾಂ ನೀರಿಗೆ 10 ಗ್ರಾಂ ಸಕ್ಕರೆ ಹಾಕಿದ ಲೋಟಗಳನ್ನ ಸಾಲಾಗಿ ಇಡಿ. ಮೊದಲನೇದಕ್ಕೆ ಏನೂ ಹಾಕಬೇಡಿ. ಎರಡನೇದಕ್ಕೆ ಆ ದ್ರಾವಣ ಅರ್ಧ ಗ್ರಾಂ, ಮುಂದಿನದಕ್ಕೆ 1 ಗ್ರಾಂ, ಆಮೇಲೆ 2, ಆಮೇಲೆ 4. ಹೀಗಂದ್ರೆ ಎಸೆನ್ಸು ಶೇಕಡಾ 0.05ರಿಂದ 0.4ರವರೆಗೆ ಹೋದಂಗಾಯ್ತು. ಕಮ್ಮಿ ಇರೋದರಿಂದ ಕುಡೀತಾ ಬನ್ನಿ, ಯಾವ ಲೋಟದಲ್ಲಿ ಏನೋ ಇದೆ ಅನಿಸತ್ತೆ, ಯಾವುದರಲ್ಲಿ ಇದು ರಮ್ ಅಂತ ಗುರುತು ಸಿಗತ್ತೆ, ಯಾವುದರಲ್ಲಿ ಕಹಿ ಅಥವಾ ಸೋಪಿನ ರುಚಿ ಶುರುವಾಗತ್ತೆ. ಗುರುತು ಸಿಗೋ ಲೋಟಕ್ಕೂ ಕಹಿ ಶುರುವಾಗೋ ಲೋಟಕ್ಕೂ ನಡುವೆ ಎಷ್ಟು ಜಾಗ ಇದೆ ಅನ್ನೋದೇ ನಾನು ಒಂದು ಎಸೆನ್ಸಿಗೆ ಕೊಡೋ ನಿಜವಾದ ಮಾರ್ಕು. ಗುರುತು ಸಿಗೋದಕ್ಕೂ ಕೆಡೋದಕ್ಕೂ ನಡುವೆ ಅಂತರ ಜಾಸ್ತಿ ಇದ್ರೆ ಅದು ಉದಾರಿ ಎಸೆನ್ಸು, ಅಳತೇಲಿ ಹೆಚ್ಚುಕಮ್ಮಿ ಆದ್ರೂ ಕ್ಷಮಿಸತ್ತೆ. ಗುರುತು ಸಿಕ್ಕ ಮರುಲೋಟದಲ್ಲೇ ಕಹಿ ಅಂದ್ರೆ ಎಷ್ಟೇ ಘಮ ಇರ್ಲಿ ದಿನನಿತ್ಯದ ಕೆಲಸಕ್ಕೆ ಅದು ಬೇಡ.

ಅಂಗಡೀಲಿ ಸಿಗೋ 20 ಎಂಎಲ್ ಚಿಕ್ಕ ಬಾಟಲಿಗಳು ಸಾಮಾನ್ಯವಾಗಿ ತೆಳು ಇರ್ತವೆ, 0.4 ಕೂಡ ಸಾಲದೆ ಹೋಗಬಹುದು, ಆಗ ಹಾಗೇ ಮೇಲಕ್ಕೆ ಹೋಗಿ. ಫ್ಯಾಕ್ಟರಿಗೆ ಮಾರೋ ಕಾನ್ಸಂಟ್ರೇಟಿನ ಮೇಲೆ ಡೋಸೇಜ್ ಬರೆದಿರತ್ತೆ, ಅದರ ಅರ್ಧದಿಂದ ಶುರು ಮಾಡಿ.

ಹಾಲಲ್ಲಿ, ತಣ್ಣಗೆ, ಮಾರನೇ ದಿನ

ಐಸ್‌ಕ್ರೀಮು ಕುಲ್ಫಿ ಮಾಡೋರಿಗೆ ಸಕ್ಕರೆ ನೀರಿನ ಫಲಿತಾಂಶ ಅರ್ಧ ದಾರಿ ಮಾತ್ರ. ಕೊಬ್ಬು ಘಮವನ್ನ ಹಿಡಿದಿಟ್ಕೊಳ್ಳತ್ತೆ, ಬೇಗ ಮೂಗಿಗೆ ಬಿಡಲ್ಲ, ಜೊತೆಗೆ ತಣ್ಣಗಿದ್ದಾಗ ಸಿಹಿಯೂ ಕಮ್ಮಿ ಅನಿಸತ್ತೆ ಘಮವೂ ಕಮ್ಮಿ ಏಳತ್ತೆ. ಹಾಗಾಗಿ ನೀರಲ್ಲಿ ಸರಿ ಅನಿಸಿದ ಅಳತೆ, ಅದರ ಒಂದೂವರೆ ಪಾಲು, ಅದರ ಎರಡು ಪಾಲು ಅಂತ ಮೂರು ಬಟ್ಟಲು ಮಾಡಿ. ಹಾಲು ಕ್ರೀಮು ಸಕ್ಕರೆ ಕಾಯಿಸಿದ ನಿಮ್ಮದೇ ಮಿಕ್ಸ್ ಪೂರ್ತಿ ತಣ್ಣಗಾದ ಮೇಲೆ ಹಾಕಿ, ಬಿಸಿ ಇರೋವಾಗ ಹಾಕಿದ್ರೆ ಮೇಲಿನ ಘಮ ಆವಿ ಜೊತೆ ಹೋಗತ್ತೆ, ಅಡುಗೆಮನೆ ತುಂಬ ಘಮ ಬಟ್ಟಲಲ್ಲಿ ಸೊನ್ನೆ. ಮುಚ್ಚಿ ಫ್ರಿಜ್ಜಲ್ಲಿ ಒಂದು ರಾತ್ರಿ ಇಡಿ. ಆ ದಿನ ಘಾಟು ಘಾಟಾಗಿದ್ದದ್ದು ಮಾರನೇ ದಿನ ಹಾಲಿನ ಜೊತೆ ಒಂದಾಗಿರತ್ತೆ, ಕೆಲವು ಸಲ ಉಲ್ಟಾ, ಆ ದಿನ ಸೊಗಸಾಗಿದ್ದದ್ದು ಮಾರನೇ ದಿನ ಸಪ್ಪೆ. ಅದಕ್ಕೇ ಹಾಕಿದ ದಿನವೇ ತೀರ್ಪು ಕೊಡಬೇಡಿ ಅಂತ ಒತ್ತಿ ಹೇಳ್ತೀನಿ. ಶೇಕಡಾ 0.2 ನಿಮಗೆ ಹಿಡಿಸ್ತು ಅಂದ್ರೆ 1 ಕಿಲೋ ಮಿಕ್ಸಿಗೆ 2 ಗ್ರಾಂ, ಲೆಕ್ಕ ಇಷ್ಟು ಸುಲಭ, ತಕ್ಕಡಿ ಬೇಕು ಅಂದದ್ದು ಇದಕ್ಕೇ.

ಇನ್ನೊಂದು ವಿಷಯ, ರಮ್ ಹಾಕೋ ರೆಸಿಪಿಯನ್ನ ಎಸೆನ್ಸಿಗೆ ಹಾಗೇ ತಿರುಗಿಸಿದ್ರೆ ಐಸ್‌ಕ್ರೀಮ್ ಕಲ್ಲಾಗತ್ತೆ. ನಮ್ಮಲ್ಲಿ ರಮ್ ಶೇಕಡಾ 42.8 ಆಲ್ಕೋಹಾಲ್, ಅದು ಹೆಪ್ಪುಗಟ್ಟೋದನ್ನ ತಡೆದು ಮೆತ್ತಗೆ ಇಡತ್ತೆ, ಎಸೆನ್ಸ್ ಎರಡು ಗ್ರಾಮಿಗೆ ಆ ಕೆಲಸ ಆಗಲ್ಲ. ಸಕ್ಕರೆಯಲ್ಲಿ ಒಂದು ಪಾಲು ಕಡಿಮೆ ಮಾಡಿ ಡೆಕ್ಸ್‌ಟ್ರೋಸ್ ಪುಡಿ ಹಾಕ್ಕೊಳ್ಳಿ. ಒಣದ್ರಾಕ್ಷಿಯನ್ನೂ ಬರೀ ನೀರಲ್ಲಿ ನೆನೆಸಬೇಡಿ, ಹಲ್ಲಿಗೆ ಐಸ್ ತುಂಡಿನ ಥರ ಸಿಗತ್ತೆ, ಗಟ್ಟಿ ಸಕ್ಕರೆ ಪಾಕದಲ್ಲಿ ಎಸೆನ್ಸ್ ಬೆರೆಸಿ ಒಂದು ರಾತ್ರಿ ಬಿಡಿ.

ಓವನ್ನಿನಲ್ಲಿ

180 ಡಿಗ್ರಿ ಅಂದ್ರೂ ಕೇಕಿನ ಒಳಗೆ ನೂರು ದಾಟಲ್ಲ, ಆದ್ರೆ 54ಕ್ಕೆ 77ಕ್ಕೆ ಕುದಿಯೋವಕ್ಕೆ ಅಷ್ಟು ಸಾಕು. ಒಂದೇ ಹಿಟ್ಟಲ್ಲಿ ಮೂರು ಕಪ್‌ಕೇಕ್ ಮಾಡಿ, ಒಂದು ಸಾದಾ, ಒಂದರ ಹಿಟ್ಟಿಗೇ ಎಸೆನ್ಸ್, ಇನ್ನೊಂದು ಸಾದಾ ಬೇಯಿಸಿ ಉಗುರುಬೆಚ್ಚಗಾದ ಮೇಲೆ ಅಷ್ಟೇ ಎಸೆನ್ಸನ್ನ ಸಕ್ಕರೆ ಪಾಕದಲ್ಲಿ ಬೆರೆಸಿ ಮೇಲೆ ಸುರಿದದ್ದು. ಡಬ್ಬೀಲಿ ಬೇರೆಬೇರೆಯಾಗಿ ಮುಚ್ಚಿಟ್ಟು ಮಾರನೇ ದಿನ ಕತ್ತರಿಸಿ. ಹೆಚ್ಚಿನ ಎಸೆನ್ಸುಗಳು ಪಾಕದಲ್ಲಿ ಗೆಲ್ತವೆ. ಹಿಟ್ಟಲ್ಲಿ ಹಾಕಿದ್ದೂ ನಿಂತ್ರೆ ಆ ಬಾಟಲಿ ಬೇಕಿಂಗಿಗೆ ಗಟ್ಟಿ ಅಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ಬೇರೆಯವರ ನಾಲಿಗೆ

ದುಡ್ಡು ಜಾಸ್ತಿ ಕೊಟ್ಟ ಬಾಟಲಿ ಮೇಲೆ ನಮಗೇ ಪ್ರೀತಿ ಬಂದಿರತ್ತೆ, ಹಾಗಾಗಿ ಕೊನೇ ತೀರ್ಪು ಬೇರೆಯವರಿಂದ ಬರ್ಲಿ. ಎರಡು ಬಾಟಲಿ ನಡುವೆ ಆರಿಸ್ಬೇಕು, ಬೆಲೆ ಡಬಲ್ ವ್ಯತ್ಯಾಸ ಇದೆ ಅಂದ್ಕೊಳ್ಳಿ. ಮೂರು ಕಪ್, ಎರಡರಲ್ಲಿ ಒಂದೇ ಎಸೆನ್ಸ್, ಮೂರನೇದರಲ್ಲಿ ಇನ್ನೊಂದು, ಕೆಳಗೆ ಸುಮ್ನೆ ಏನೋ ಮೂರಂಕಿ ನಂಬರ್ ಹಾಕಿ. ಜೋಡಿಸೋರು ಒಬ್ಬರು, ತಂದು ಕೊಡೋರು ಇನ್ನೊಬ್ಬರಾಗಿದ್ರೆ ಮುಖ ನೋಡಿ ಗೊತ್ತಾಗಿಬಿಡೋ ತಾಪತ್ರಯ ಇಲ್ಲ. "ಅತ್ತೆ, ಇದರಲ್ಲಿ ಬೇರೆ ಇರೋದು ಯಾವುದು ನೋಡಿ" ಅಂತ ಅಷ್ಟೇ ಕೇಳಿ, ಯಾವುದು ಚೆನ್ನಾಗಿದೆ ಅಂತ ಮೊದಲೇ ಕೇಳಬೇಡಿ. ಸುಮ್ನೆ ಊಹಿಸಿದ್ರೂ ಮೂರರಲ್ಲಿ ಒಬ್ಬರು ಸರಿ ಹೇಳ್ತಾರೆ, ಅದಕ್ಕಿಂತ ತುಂಬಾ ಜಾಸ್ತಿ ಜನ ಸರಿ ಹೇಳಿದ್ರೆ ಮಾತ್ರ ವ್ಯತ್ಯಾಸ ಇದೆ ಅಂತ ಅರ್ಥ. ಇಲ್ಲಾಂದ್ರೆ ಅಗ್ಗದ್ದೇ ತಗೊಳ್ಳಿ. ಮಕ್ಕಳಿಂದ ಈ ಕೆಲಸ ಮಾಡಿಸ್ಬೇಡಿ, ಮದ್ಯದ ರುಚಿ ಗುರುತಿಸೋಕೆ ಅವರಿಗೆ ನಾವೇ ಕಲಿಸೋದು ನನಗೆ ಸರಿ ಕಾಣಲ್ಲ.

ಎಸೆನ್ಸಿಗೆ ಆಗದೇ ಇರೋದು

ರಮ್ ಅಂದ್ರೆ ಬರೀ ಘಮ ಅಲ್ಲ, ಗಂಟಲಲ್ಲಿ ಬೆಚ್ಚಗೆ ಇಳಿಯೋದು, ಮರದ ಒಗರು, ಕಬ್ಬಿನ ಕಪ್ಪು ಸಿಹಿ, ಇಷ್ಟೂ ಸೇರಿದ್ದು. ಬಾಟಲಿಯಲ್ಲಿ ಬರೋದು ಘಮ ಮಾತ್ರ. ಅದಕ್ಕೇ ಒಳ್ಳೇ ಎಸೆನ್ಸ್ ಕೂಡ ಬಿಳಿ ಸಕ್ಕರೆ ಜೊತೆ ಹಾಕಿದ್ರೆ ಪೊಳ್ಳು ಪೊಳ್ಳಾಗಿರತ್ತೆ, ಜನ ಎಸೆನ್ಸ್ ಸರಿ ಇಲ್ಲ ಅಂತ ಇನ್ನೂ ಹೆಚ್ಚು ಸುರೀತಾರೆ, ಆಗ ಕಹಿ. ಸಿಹಿಯ ಒಂದು ಪಾಲಿಗೆ ಕಾಕವಿ ಹಾಕಿ, ಮಹಾರಾಷ್ಟ್ರದಲ್ಲಿ ಕೊಲ್ಹಾಪುರದ್ದು ಚೆನ್ನಾಗಿ ಸಿಗತ್ತೆ, ನಮ್ಮ ಜೋನಿಬೆಲ್ಲವೇ ಅದು. ರಮ್ ಹೆಚ್ಚಾಗಿ ಮಾಡೋದೇ ಕಬ್ಬಿನ ಕಾಕಂಬಿಯಿಂದ, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ರಸದಿಂದ, ಹಾಗಾಗಿ ಎಸೆನ್ಸೂ ಕಾಕವಿಯೂ ಸೇರಿದ ಕೂಡಲೇ ಬಾಯಿ ನಂಬತ್ತೆ. ಒಗರಿಗೆ ಹಾಲಿಲ್ಲದ ಕಡು ಚಹಾ ಡಿಕಾಕ್ಷನ್ ಒಂದೆರಡು ಚಮಚ, ಪ್ಲಮ್ ಕೇಕಿನ ಹಣ್ಣು ನೆನೆಸೋವಾಗ ಅದನ್ನೇ ಹಾಕಬಹುದು. ಬಿಸಿಗೆ ಶುಂಠಿ ರಸ ಕೆಲವು ಹನಿ ಅಥವಾ ಒಂದು ಚಿಟಿಕೆ ಕಾಳುಮೆಣಸಿನ ಪುಡಿ, ಖಾರ ಅಂತ ಗೊತ್ತಾಗೋಷ್ಟು ಅಲ್ಲ. ಇಷ್ಟು ಮಾಡಿದ್ರೆ ಎಸೆನ್ಸ್ ಅರ್ಧಕ್ಕೆ ಇಳಿಸಬಹುದು, ನನಗೆ ಇಡೀ ಬರಹದಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಅನ್ನಿಸೋದು ಈ ಪ್ಯಾರಾ.

ಐರಿಶ್ ಕ್ರೀಮಿಗೆ ಬೇರೆ ಲೆಕ್ಕ. ಅದರಲ್ಲಿ ವಿಸ್ಕಿಗಿಂತ ಕೆನೆ, ಕೋಕೋ, ವೆನಿಲ್ಲಾ ಜಾಸ್ತಿ, ಎಸೆನ್ಸಿನ ಬೆಣ್ಣೆ ಘಮ ಬರೋದು ಡೈಅಸಿಟೈಲ್‌ನಂಥ ಪದಾರ್ಥದಿಂದ. ಫಿಲ್ಟರ್ ಕಾಫಿ ಡಿಕಾಕ್ಷನ್ ಜೊತೆ ಚೆನ್ನಾಗಿ ಹೊಂದತ್ತೆ, ನಮ್ಮವರ ಮನೇಲಿ ಅದಕ್ಕೇನೂ ಕೊರತೆ ಇಲ್ಲ. ಗೋವಾದ ಫೆನಿ ಹೆಸರಲ್ಲಿ ಯಾರಾದ್ರೂ ಎಸೆನ್ಸ್ ತೋರಿಸಿದ್ರೆ ಪಟ್ಟಿ ಪರೀಕ್ಷೆಯಲ್ಲಿ ಗೇರುಹಣ್ಣಿನ ಆ ತೀಕ್ಷ್ಣ ವಾಸನೆ ಒಂದು ತಾಸಾದ್ರೂ ಇದೆಯಾ ನೋಡಿ. ಗೋವಾದ ಗೇರು ಫೆನಿಗೆ 2009ರಲ್ಲಿ ಜಿಐ ಮಾನ್ಯತೆ (ಆ ಜಾಗದ ಪದಾರ್ಥಕ್ಕೆ ಮಾತ್ರ ಆ ಹೆಸರು ಅನ್ನೋ ಕಾನೂನು ಗುರುತು) ಸಿಕ್ಕಿದೆ, ಹಾಗಾಗಿ ನೀವು ಮಾರೋ ಡಬ್ಬಿ ಮೇಲೆ ಫೆನಿ ಅಂತ ದೊಡ್ಡದಾಗಿ ಬರೀಬೇಡಿ, ಗೇರುಹಣ್ಣಿನ ಫ್ಲೇವರ್ ಅನ್ನಿ ಸಾಕು.

ವೇಪಿಗೆ ಇದನ್ನ ಹಾಕಬೇಡಿ

ಪ್ರೊಪಿಲೀನ್ ಗ್ಲೈಕಾಲಲ್ಲಿ ಕರಗಿದ ಇದೇ ಥರದ ರಮ್, ವಿಸ್ಕಿ ಕಾನ್ಸಂಟ್ರೇಟುಗಳನ್ನ ಹೊರದೇಶಗಳಲ್ಲಿ ವೇಪ್, ಅಂದ್ರೆ ಇ-ಸಿಗರೇಟ್, ಅದಕ್ಕೆ ಹಾಕೋ ಲಿಕ್ವಿಡ್ ಮನೇಲಿ ಬೆರೆಸೋಕೆ ಬಳಸ್ತಾರೆ, ಕಾಲೇಜು ಹುಡುಗರು ಬಂದು ಅಣ್ಣ ಇದು ಆಗತ್ತಾ ಅಂತ ಕೇಳ್ತಾರೆ. ಆಗಲ್ಲ. ನಮ್ಮ ದೇಶದಲ್ಲಿ 2019ರ ಕಾಯ್ದೆ ಪ್ರಕಾರ ಇ-ಸಿಗರೇಟ್ ತಯಾರಿ, ಮಾರಾಟ, ಸಾಗಾಟ, ಜಾಹೀರಾತು ಎಲ್ಲಾ ನಿಷೇಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಕಾನೂನು ಒಂದು ಕಡೆ ಇರ್ಲಿ, ಬಾಟಲಿ ಮೇಲೆ ಫುಡ್ ಗ್ರೇಡ್ ಅಂತ ಇರೋದು ಹೊಟ್ಟೆಗೆ ಹೋಗೋದಕ್ಕೆ, ಶ್ವಾಸಕೋಶಕ್ಕಲ್ಲ. ಈಗ ಹೇಳಿದ ಡೈಅಸಿಟೈಲ್ ಬೆಣ್ಣೆಯಲ್ಲೇ ಸಹಜವಾಗಿ ಇರತ್ತೆ, ತಿಂದ್ರೆ ಏನಾಗಲ್ಲ, ಆದ್ರೆ ಅಮೆರಿಕದ ಮಿಸೌರಿಯಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಫ್ಯಾಕ್ಟರಿ ಕೆಲಸಗಾರರು ಬೆಣ್ಣೆ ಫ್ಲೇವರಿನ ಆವಿ ದಿನಾ ಉಸಿರಾಡಿ, ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಮುಚ್ಚಿಹೋಗೋ ಕಾಯಿಲೆ ಬಂತು, 2000ದಲ್ಲಿ ಅದು ಬೆಳಕಿಗೆ ಬಂದದ್ದು. ಆ ಹಾನಿ ವಾಪಸ್ ಸರಿಯಾಗಲ್ಲ. ಎಣ್ಣೆ ಬೇಸಿನ ಎಸೆನ್ಸ್ ಶ್ವಾಸಕೋಶಕ್ಕೆ ಹೋದ್ರೆ ಅದು ಬೇರೆಯೇ ಅಪಾಯ. ನೀವೂ ಕೂಡ ಬಿಸಿ ಪಾತ್ರೆಗೆ ಎಸೆನ್ಸ್ ಸುರಿದು ಮುಖ ಬಗ್ಗಿಸಿ ಆವಿ ಎಳ್ಕೋಬೇಡಿ, ಪಟ್ಟಿಯಲ್ಲಿ ಮೂಸೋದು ಸಾಕು.

ಇಟ್ಟುಕೊಳ್ಳೋದು

ಮುಂಬೈ ಸೆಕೆಗೆ, ಅದರಲ್ಲೂ ಏಪ್ರಿಲ್ ಮೇನಲ್ಲಿ, ಗ್ಯಾಸ್ ಒಲೆ ಮೇಲಿನ ಶೆಲ್ಫು ಎಸೆನ್ಸಿಗೆ ಎಲ್ಲಕ್ಕಿಂತ ಕೆಟ್ಟ ಜಾಗ. ಕಂದು ಗಾಜಿನ ಬಾಟಲಿಯಲ್ಲಿ, ಕತ್ತಲೆ ಕಪಾಟಲ್ಲಿ, ಆಗೋದಾದ್ರೆ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಆದ್ರೆ ಮೊದಲು ಜಿಪ್ ಕವರಿಗೆ ಹಾಕಿ ಇಲ್ಲಾಂದ್ರೆ ಹಾಲು ಮೊಸರೆಲ್ಲ ರಮ್ಮಾಗತ್ತೆ. ಒದ್ದೆ ಚಮಚ ಬಾಟಲಿಯೊಳಗೆ ಹೋಗಬಾರದು, ನೀರು ಸೇರಿದ್ರೆ ಈಸ್ಟರ್‌ಗಳು ಒಡೀತಾ ಹೋಗ್ತವೆ. ರಬ್ಬರ್ ಡ್ರಾಪರನ್ನ ಬಾಟಲಿಯಲ್ಲೇ ಬಿಟ್ಟು ಮುಚ್ಚಿಡಬೇಡಿ, ರಬ್ಬರ್ ಉಬ್ಬಿ ಅದರ ವಾಸನೆ ಇಳಿಯತ್ತೆ. ಬಣ್ಣ ಕೊಂಚ ಗಾಢ ಆದ್ರೆ ಹೆದರಬೇಡಿ, ವೆನಿಲ್ಲಿನ್ ಇರೋ ಎಸೆನ್ಸುಗಳು ಹಳತಾದಂಗೆ ಹಾಗಾಗ್ತವೆ, ವೆನಿಲ್ಲಿನ್ನು ಪ್ರೊಪಿಲೀನ್ ಗ್ಲೈಕಾಲ್ ಜೊತೆ ಸೇರಿ ಬದಲಾಗೋದರಿಂದ ಘಮವೂ ಸ್ವಲ್ಪ ಮೆತ್ತಗಾಗತ್ತೆ.

ತೆರೆದ ತಾರೀಕನ್ನ ಬಾಟಲಿ ಮೇಲೆ ಬರೆದಿಡಿ, ಮೊದಲ ದಿನದ ಪಟ್ಟಿಯ ಟಿಪ್ಪಣಿ ನೋಟ್‌ಬುಕ್ಕಲ್ಲಿ ಇದ್ದೇ ಇರತ್ತೆ. ಮಳೆಗಾಲ ಮುಗಿದ ಮೇಲೆ, ಹಬ್ಬದ ಆರ್ಡರ್ ಹಿಡಿಯೋಕೆ ಮುಂಚೆ, ಹಳೇ ಬಾಟಲಿಗಳಿಗೆಲ್ಲ ಇನ್ನೊಂದು ಸಲ ಪಟ್ಟಿ ಮಾಡಿ ಆ ಟಿಪ್ಪಣಿ ಜೊತೆ ಹೋಲಿಸಿ ನೋಡಿ. ಹೊಸ ಬ್ಯಾಚ್ ತಂದಾಗಲೂ, ಅದೇ ಕಂಪನಿ ಅದೇ ಹೆಸರು ಇದ್ರೂ, ಸಕ್ಕರೆ ನೀರಿನ ಎರಡು ಲೋಟವಾದ್ರೂ ಹಳೇದರ ಪಕ್ಕ ಇಟ್ಟು ನೋಡಿದ ಮೇಲೇ ದೊಡ್ಡ ಪಾತ್ರೆಗೆ ಹಾಕಿ. ಮಾರೋ ಡಬ್ಬಿಯ ಲೇಬಲ್ಲಲ್ಲಿ ಯಾವ ಬಗೆಯ ಫ್ಲೇವರ್ ಸೇರಿಸಿದೆ ಅಂತ ಬರೀರಿ, ಆಲ್ಕೋಹಾಲ್ ಇಲ್ಲ ಅಂತ ಬರೆಯೋದಾದ್ರೆ ಎಸೆನ್ಸ್ ಕಂಪನಿಯ ಸ್ಪೆಸಿಫಿಕೇಶನ್ ಶೀಟನ್ನ ಫೋನಲ್ಲಿ ಇಟ್ಕೊಂಡಿರಿ, ಗಿರಾಕಿ ಕೇಳಿದ ಕೂಡಲೇ ತೋರಿಸೋಕೆ.